ಬುಡದ ಮಣ್ಣೇ ಶಾಸನ

ಮೈಸೂರು ಸೀಮೆಯನ್ನು ಅಳೆದು, ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿಕೊಂಡು, ನಮ್ಮ ಶಾಸನಗಳ ಪ್ರತಿ ತೆಗೆಸಿದ ಕರ್ನಲ್ ಕಾಲಿನ್ ಮೆಕೆಂಜಿಯ ಹುಟ್ಟೂರು ಸ್ಟೋರ್ನೊವೇ. ಸ್ಕಾಟ್‌ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಕಡಲಿನಲ್ಲಿರುವ ಲೂಯಿಸ್ ದ್ವೀಪದ ಪೇಟೆ ಅದು. ಶಾಸನ ಓದುವುದನ್ನೇ ಬದುಕಾಗಿಸಿಕೊಂಡ ನನ್ನನ್ನು ಅಷ್ಟು ದೂರ ಎಳೆದದ್ದು ಮೆಕೆಂಜಿಯ ಹೆಸರು. ಹಿಡಿದು ನಿಲ್ಲಿಸಿದ್ದು ಮಾತ್ರ ಪೇಟೆಯ ಪಶ್ಚಿಮಕ್ಕಿರುವ ಕ್ಯಾಲನಿಶ್‌ನ ಕಲ್ಲುಗಳು.

ನಡುವೆ 4.8 ಮೀಟರ್ ಎತ್ತರದ ಒಂದು ನಿಲುಗಲ್ಲು, ಸುತ್ತ 13 ಕಲ್ಲುಗಳ ವೃತ್ತ. ಉತ್ತರಕ್ಕೆ ಜೋಡಿಸಾಲಿನ ಓಣಿ, ಉಳಿದ ಮೂರು ದಿಕ್ಕಿಗೆ ಒಂದೊಂದು ಸಾಲು. ಎಲ್ಲವೂ ನೈಸ್ ಶಿಲೆ, ನಮ್ಮ ಲಾಲ್‌ಬಾಗ್ ಬಂಡೆಯ ಜಾತಿಯದೇ. ನಿಲ್ಲಿಸಿ ಸುಮಾರು 5000 ವರ್ಷವಾಯಿತು. ಯಾವ ಕಲ್ಲಿನ ಮೇಲೂ ಅಕ್ಷರವಿಲ್ಲ.

ದಕ್ಷಿಣದ ಗುಡ್ಡಗಳ ಮೇಲೆ 18.6 ವರ್ಷಕ್ಕೊಮ್ಮೆ ಚಂದ್ರ ನೆಲ ಸವರುವಂತೆ ಹಾದುಹೋಗುತ್ತಾನೆ. ಅದಕ್ಕೆಂದೇ ಈ ಕಲ್ಲುಗಳನ್ನು ನೆಟ್ಟರು ಎನ್ನುವವರಿದ್ದಾರೆ. ನನಗೆ ಮಣ್ಣಿನ ಸಾಕ್ಷಿಯೇ ಹೆಚ್ಚು ಗಟ್ಟಿ. 1980 ಮತ್ತು 81ರಲ್ಲಿ ಪ್ಯಾಟ್ರಿಕ್ ಆ್ಯಶ್‌ಮೋರ್ ನಡೆಸಿದ ಉತ್ಖನನದಲ್ಲಿ ಅದು ಪದರ ಪದರವಾಗಿ ಬಿಚ್ಚಿಕೊಂಡಿತು. ಕಲ್ಲು ನೆಡುವ ಮೊದಲು ಅಲ್ಲಿ ಬೇಸಾಯ ನಡೆದಿತ್ತು. ಆಮೇಲೆ ವೃತ್ತ ಎದ್ದಿತು. ತಲೆಮಾರುಗಳು ಕಳೆದ ಮೇಲೆ ಅದರೊಳಗೆ ಪುಟ್ಟದೊಂದು ಕಲ್ಲುಗೋರಿ ಬಂತು. ಇನ್ನೂ ಸಾವಿರಕ್ಕೂ ಹೆಚ್ಚು ವರ್ಷದ ನಂತರ ಬಂದ ಒಕ್ಕಲುಮಕ್ಕಳು ಆ ಗೋರಿಯನ್ನು ಕೆದಕಿ, ಮಡಕೆ ಚೂರುಗಳನ್ನು ಹೊರಗೆ ಹಾಕಿದರು. ಕ್ರಿ.ಪೂ. 1000ದಿಂದೀಚೆಗೆ ಹವೆ ತಂಪಾಗಿ ನೆಲ ಜವುಗಾಯಿತು. ಹುಲ್ಲು, ಪಾಚಿ ಪೂರ್ತಿ ಕೊಳೆಯದೆ ಒಟ್ಟಿಕೊಂಡು, ಪೀಟ್ ಎಂಬ ಕಪ್ಪು ಮಣ್ಣಾಗಿ ಎಲ್ಲವನ್ನೂ ಮುಚ್ಚುತ್ತ ಬಂತು. ಮೆಕೆಂಜಿಯ ಬಾಲ್ಯದಲ್ಲಿ ಈ ಕಲ್ಲುಗಳ ಬುಡ ಅದರಲ್ಲಿ ಹೂತಿತ್ತು.

1857ರಲ್ಲಿ ದ್ವೀಪದ ಒಡೆಯ ಜೇಮ್ಸ್ ಮ್ಯಾಥೆಸನ್ ಒಂದೂವರೆ ಮೀಟರ್ ದಪ್ಪದ ಪೀಟನ್ನು ತೆಗೆಸಿದ. ಕಲ್ಲುಗಳ ಪೂರ್ತಿ ಎತ್ತರವೂ ಒಳಗಿನ ಗೋರಿಯೂ ಆಗ ಬಯಲಿಗೆ ಬಂದವು. ಅದೃಷ್ಟಕ್ಕೆ, ಪೀಟಿನ ಕೆಳಗಿನ ಪದರಗಳು ಅಲ್ಲಲ್ಲಿ ಉಳಿದುಕೊಂಡವು. ಆ್ಯಶ್‌ಮೋರ್ ಓದಿದ್ದು ಅವನ್ನೇ.

ನಮ್ಮ ಗಂಗಾವತಿ ಬಳಿ ಹಿರೇಬೆಣಕಲ್ಲಿನ ಮೋರೇರ ಗುಡ್ಡದಲ್ಲೂ ಅಕ್ಷರವಿಲ್ಲದ ನೂರಾರು ಕಲ್ಲುಮನೆಗಳಿವೆ, ಅವೂ ಗೋರಿಗಳೇ. ಇಂಥ ಗೋರಿಗಳ ಬುಡವನ್ನು ನಿಧಿಯಾಸೆಗೆ ಅಗೆದವರು, ಕಲ್ಲು ಒಡೆಯದಿದ್ದರೂ, ಶಾಸನವನ್ನು ಉಜ್ಜಿ ಅಳಿಸಿದವರೇ. ಕಲ್ಲಿಗೆ ಬೇಲಿ ಕಟ್ಟುವ ನಾವು ಅದರ ಬುಡದ ಮಣ್ಣನ್ನೂ ಶಾಸನವೆಂದೇ ಕಾಯಬೇಕು.