ಚಿನ್ನದ ಹಕ್ಕಿ ಮತ್ತು ಮಗುವಿನ ಭಯ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ತಲೆಮಾರಿನ ಬಹಳಷ್ಟು ಗಂಡುಮಕ್ಕಳಿಗೆ ಮೊದಲ ಶಸ್ತ್ರಚಿಕಿತ್ಸೆಯಾದದ್ದು ಆಸ್ಪತ್ರೆಯಲ್ಲಲ್ಲ, ನಡುಮನೆಯಲ್ಲಿ. ಖತ್ನಾದ ದಿನ ಹುಡುಗನಿಗೆ ಹೊಸ ಬಟ್ಟೆ, ಕೊರಳಿಗೆ ಹೂವಿನ ಹಾರ, ಬಾಯಿಗೆ ಮಿಠಾಯಿ. ಪುಟ್ಟ ಮದುಮಗನೇ ಸರಿ. ಮಾಮೂ ಹಿಂದಿನಿಂದ ತಬ್ಬಿ ಕೈಕಾಲು ಹಿಡಿಯುತ್ತಿದ್ದರು. ‘ಮೇಲೆ ನೋಡು ಬೇಟಾ, ಸೋನೆ ಕಿ ಚಿಡಿಯಾ’ ಎಂದು ಯಾರೋ ಸೂರಿನತ್ತ ಬೆರಳು ತೋರಿಸುವಷ್ಟರಲ್ಲಿ ಹಜಾಮರು ಕೆಲಸ ಮುಗಿಸಿರುತ್ತಿದ್ದರು. ಆ ಚಿನ್ನದ ಹಕ್ಕಿ ಯಾವ ಹುಡುಗನಿಗೂ ಕಂಡದ್ದಿಲ್ಲ. ಭಯಕ್ಕೆ ಆ ಮನೆಗಳಲ್ಲಿದ್ದ ಔಷಧಿ ಇಷ್ಟೇ: ಬಂಧುಗಳ ಆಸರೆ, ಜೊತೆಗೊಂದು ಸುಳ್ಳು.

ಅರಿವಳಿಕೆ ಬಂದು ಆಗಲೇ ಶತಮಾನ ದಾಟಿತ್ತು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ತಂದರು. ನೋವು ಸೋತಿತು ಎಂದು ಜಗತ್ತು ಸಂಭ್ರಮಿಸಿತು. ಆದರೆ 1848ರ ಜನವರಿಯಲ್ಲೇ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹನ್ನಾ ಗ್ರೀನರ್ ಎಂಬ 15ರ ಹುಡುಗಿ, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೆದರಿ ಬಿಕ್ಕುತ್ತಾ ಕುರ್ಚಿಯಲ್ಲಿ ಕೂತವಳು, ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ನಿಂತದ್ದು ಉಸಿರೋ ಹೃದಯವೋ?

ಈ ಜಗಳ ಇತ್ಯರ್ಥಕ್ಕೆ ಬಂದದ್ದು ನಮ್ಮ ನೆರೆಯ ಹೈದರಾಬಾದಿಗೆ. ಆಗ ಬೀದರ್, ಕಲಬುರ್ಗಿ, ರಾಯಚೂರು ಕೂಡ ನಿಜಾಮರ ಸೀಮೆಯೇ. ಡಾ. ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ಲಂಡನ್ನಿನಿಂದ ತಜ್ಞರನ್ನು ಕರೆಸಲು ನಿಜಾಮ್ ಮೀರ್ ಮಹಬೂಬ್ ಅಲಿ ಖಾನ್ ಒಂದು ಸಾವಿರ ಪೌಂಡ್ ಕೊಟ್ಟರು. ಅಲ್ಲಿ ದುಡಿದ ರೂಪಾಬಾಯಿ ಫರ್ದೂನ್‌ಜಿಯವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎನ್ನುತ್ತಾರೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಆಕೆಗೊಂದು ಸಾಲಾದರೂ ಸಲ್ಲಬೇಕಿತ್ತು. ಉಸಿರನ್ನು ಕಾಯಿರಿ, ಹೃದಯಕ್ಕೆ ಅಪಾಯವಿಲ್ಲ ಎಂಬುದು ಆಯೋಗದ ತೀರ್ಪು.

ಅದು ಅರ್ಧ ಮಾತ್ರ ನಿಜ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಹಗುರ ಕ್ಲೋರೋಫಾರ್ಮಿನ ಜೊತೆ ಅಡ್ರಿನಾಲಿನ್ ಸೇರಿದರೆ ಹೃದಯದ ಬಡಿತ ಕೆಟ್ಟು ನಿಲ್ಲಬಹುದೆಂದು ತೋರಿಸಿದರು. ಅಡ್ರಿನಾಲಿನ್ ಎಂದರೆ ಹೆದರಿದ ದೇಹ ತಾನೇ ಸುರಿಸುವ ರಸ. ಕ್ಲೋರೋಫಾರ್ಮ್ ಈಗ ಬಳಕೆಯಲ್ಲಿಲ್ಲ, ಆ ಅಪಾಯವೂ ಹೋಯಿತು. ಮಗುವಿನ ಭಯ ಮಾತ್ರ ಹಾಗೇ ಉಳಿಯಿತು.

ಆಸ್ಪತ್ರೆಗಳು ಅದನ್ನು ಇನ್ನಷ್ಟು ಹೆಚ್ಚಿಸಿದವು, ತಾಯಿಯನ್ನು ಹೊರಗಿಟ್ಟು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್, ಶಸ್ತ್ರಚಿಕಿತ್ಸೆಗೆಂದು ಲಂಡನ್ನಿನ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಚಿತ್ರ ತೆಗೆದು ತೋರಿಸಿದಾಗ ಹಲವು ವೈದ್ಯರು ಸಿಟ್ಟಾದರು. 1959ರ ಪ್ಲಾಟ್ ವರದಿ ತಂದೆತಾಯಿಗೆ ಬಾಗಿಲು ತೆರೆಯಿರಿ ಎಂದಿತು. ಮಂಚದ ಪಕ್ಕ ಚಾಪೆ ಹಾಸುವ ನಮ್ಮ ಅಮ್ಮಂದಿರಿಗೆ ಯಾವ ವರದಿಯೂ ಬೇಕಿರಲಿಲ್ಲ. ಅವರು ತಡೆಯಲ್ಪಟ್ಟದ್ದು ಥಿಯೇಟರಿನ ಬಾಗಿಲಲ್ಲಿ.

ಆಮೇಲಿನದು ಎಚ್ಚರವಾಗುವ ಹೊತ್ತು. ಕಣ್ಣು ತೆರೆದ ಮಗು ಕಿರುಚುತ್ತದೆ, ಒದೆಯುತ್ತದೆ, ಅಮ್ಮೀಯ ಗುರುತನ್ನೂ ಹಿಡಿಯುವುದಿಲ್ಲ. ‘ನಜರ್ ತಗುಲಿದೆ’, ‘ಜಿನ್ನ್ ಹೊಕ್ಕಿದೆ’ ಎಂದು ನಮ್ಮಲ್ಲಿ ಕೆಲವರು ಅಂಜುವುದುಂಟು. ವೈದ್ಯರು ಈ ತಳಮಳವನ್ನು 1961ರಲ್ಲೇ ವಿವರವಾಗಿ ದಾಖಲಿಸಿದ್ದರು. 1990ರ ದಶಕದಲ್ಲಿ ಸೆವೊಫ್ಲುರೇನ್ ಅನಿಲ ಹರಡಿದ ಮೇಲೆ ಇದು ಹೆಚ್ಚು ಕಾಣತೊಡಗಿತು. ಎರಡರಿಂದ ಐದು ವರ್ಷದವರಲ್ಲಿ, ಅದರಲ್ಲೂ ಮೊದಲೇ ಬಹಳ ಹೆದರಿದವರಲ್ಲಿ ಹೆಚ್ಚು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ.

2007ರಲ್ಲಿ ಅಮೆರಿಕದ ಝೀವ್ ಕೇನ್ ಮತ್ತು ಸಂಗಡಿಗರು, ಹೆತ್ತವರನ್ನು ಮೊದಲೇ ತಯಾರು ಮಾಡಿ, ಮುಖಕ್ಕೆ ಹಿಡಿಯುವ ಮಾಸ್ಕನ್ನು ಮನೆಗೇ ಕೊಟ್ಟು ಆಡಿಸಿ ಅಭ್ಯಾಸ ಮಾಡಿಸಿದರೆ ಭಯವೂ ಆ ತಳಮಳವೂ ಕಡಿಮೆಯಾಗುತ್ತವೆಂದು ಕಂಡರು. ತಾನೇ ನಡುಗುವ ತಾಯಿ ಬರೀ ಪಕ್ಕದಲ್ಲಿ ನಿಂತರೆ ಪ್ರಯೋಜನ ಕಡಿಮೆ. ಅಂಥಲ್ಲಿ ಮಿಡಜೋಲಾಮ್ ಸಿರಪ್ ಹೆಚ್ಚು ಕೆಲಸ ಮಾಡುತ್ತದೆ, ಕೊಡಬೇಕೋ ಬೇಡವೋ ಎಂಬುದನ್ನು ಅರಿವಳಿಕೆ ವೈದ್ಯರು ಹೇಳುತ್ತಾರೆ. ‘ಐಸ್‌ಕ್ರೀಮ್ ತಿನ್ನಲು ಹೋಗೋಣ’ ಎಂದು ಮಗುವನ್ನು ಆಟೋ ಹತ್ತಿಸುವವರು ಓಲ್ಡ್ ಟೌನಿನಲ್ಲಿ ಈಗಲೂ ಇದ್ದಾರೆ. ಎಚ್ಚರವಾಗಿ ಕಿರುಚುವ ಮಗುವಿಗೆ ದುವಾ ಓದಿ ಊದಲು ಅಡ್ಡಿಯೇನಿಲ್ಲ. ಜೊತೆಗೆ, ಇದು ತಳಮಳವೋ ಗಾಯದ ನೋವೋ ಎಂದು ನರ್ಸಮ್ಮನನ್ನು ಕೇಳಬೇಕು. ನೋವಾದರೆ ಅದಕ್ಕೆ ಮದ್ದಿದೆ.