ಪುರಾವೆ ಕೂಡುತ್ತದೆ, ಖರ್ಚು ಕೂಡುವುದಿಲ್ಲ

ವೈದ್ಯಕೀಯ ಪ್ರಯೋಗಗಳ ಪುರಾವೆಯನ್ನು ಕೂಡಿಸುವ ಕಾಕ್ರೇನ್ ಸಂಸ್ಥೆಯ ಲಾಂಛನ ಅಲಂಕಾರಕ್ಕೆ ಬರೆದದ್ದಲ್ಲ, ಅದೊಂದು ನಕ್ಷೆ. ನಡುವೆ ಲಂಬರೇಖೆ, ಅಡ್ಡಕ್ಕೆ ಏಳು ಗೆರೆ, ಕೆಳಗೊಂದು ವಜ್ರಾಕೃತಿ. ಒಂದೊಂದು ಗೆರೆಯೂ ಒಂದೊಂದು ಪ್ರಯೋಗ. ದಿನ ತುಂಬುವ ಮೊದಲೇ ಹೆರಿಗೆಯಾಗಬಹುದಾದ ತಾಯಂದಿರಿಗೆ ಅಗ್ಗದ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗು ಉಳಿದೀತೆ ಎಂಬುದು ಪ್ರಶ್ನೆ. ನ್ಯೂಜಿಲೆಂಡಿನ ಮೊದಲ ಪ್ರಯೋಗದ ವರದಿ 1972ರಲ್ಲೇ ಬಂದಿತ್ತು. ಲಂಬರೇಖೆ ಎಂದರೆ ಮದ್ದಿನಿಂದ ವ್ಯತ್ಯಾಸವಿಲ್ಲ ಎಂದು; ಅದನ್ನು ಮುಟ್ಟಿದ ಗೆರೆ ಯಾವುದನ್ನೂ ಖಚಿತವಾಗಿ ಹೇಳದು. ಏಳರಲ್ಲಿ ಹೆಚ್ಚಿನವು ಅಂಥವೇ. ಎಲ್ಲವನ್ನೂ ಕೂಡಿಸಿದಾಗ ಮೂಡಿದ ವಜ್ರ ಮಾತ್ರ ರೇಖೆಯಿಂದ ಸ್ಪಷ್ಟವಾಗಿ ಎಡಕ್ಕಿದೆ: ಮದ್ದು ಜೀವ ಉಳಿಸುತ್ತದೆ. ಹೀಗೆ ಕ್ರಮಬದ್ಧವಾಗಿ ಕೂಡಿಸಿದ ಲೆಕ್ಕ ಪ್ರಕಟವಾಗಲು 1989 ಬರಬೇಕಾಯಿತು. ಅಷ್ಟು ವರ್ಷ ಬಹುಪಾಲು ಹೆರಿಗೆ ವೈದ್ಯರು ಆ ಚುಚ್ಚುಮದ್ದನ್ನು ಬಳಸುತ್ತಲೇ ಇರಲಿಲ್ಲ.

ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1972ರ ತಮ್ಮ ಪುಸ್ತಕದಲ್ಲಿ ಚಿಕಿತ್ಸೆ ನಿಜಕ್ಕೂ ಫಲ ಕೊಡುತ್ತದೆಯೇ ಎಂಬುದರ ಜೊತೆಗೆ, ಕೊಟ್ಟ ಹಣಕ್ಕೆ ತಕ್ಕ ಫಲವೇ ಎಂದೂ ಕೇಳಿದ್ದರು. ಅವರ ಶಿಷ್ಯಪರಂಪರೆ ಹಿಡಿದದ್ದು ಮೊದಲ ಪ್ರಶ್ನೆಯನ್ನು. ಅಧ್ಯಯನಗಳನ್ನು ಹೀಗೆ ಕೂಡಿಸುವ ಲೆಕ್ಕಕ್ಕೆ 1976ರಲ್ಲಿ ಅಮೆರಿಕದ ಜೀನ್ ಗ್ಲಾಸ್ ಮೆಟಾ ಅನಾಲಿಸಿಸ್ ಎಂಬ ಹೆಸರು ಕೊಟ್ಟರು. 1993ರಲ್ಲಿ ಇಯಾನ್ ಚಾಮರ್ಸ್ ಮುಂದಾಳುತನದಲ್ಲಿ ಕಾಕ್ರೇನ್ ಹೆಸರಿನ ಸಂಸ್ಥೆ ಹುಟ್ಟಿತು.

ಎರಡನೆಯ ಪ್ರಶ್ನೆ ಅರ್ಥಶಾಸ್ತ್ರಜ್ಞರ ಪಾಲಾಯಿತು. ಯಾರ್ಕ್ ವಿಶ್ವವಿದ್ಯಾಲಯದ ಅಲನ್ ವಿಲಿಯಮ್ಸ್ 1985ರಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಕ್ವಾಲಿ ಎಂಬ ಅಳತೆಗೆ ಹಚ್ಚಿದರು. ಪೂರ್ಣ ಆರೋಗ್ಯದ ಒಂದು ವರ್ಷ ಒಂದು ಕ್ವಾಲಿ, 0.7ರಷ್ಟು ಆರೋಗ್ಯದಲ್ಲಿ ಹತ್ತು ವರ್ಷ ಬದುಕಿದರೆ ಏಳು. ಜೀವಕ್ಕೆ ಬೆಲೆ ಕಟ್ಟುವುದೇ ಎಂಬ ಸಿಟ್ಟು ಆಗಲೂ ಇತ್ತು, ಈಗಲೂ ಇದೆ. ಆದರೆ ಬೊಕ್ಕಸಕ್ಕೆ ಮಿತಿಯಿರುವಾಗ ಬೆಲೆ ಕಟ್ಟುವುದಂತೂ ತಪ್ಪದು. ಲೆಕ್ಕವಿಲ್ಲದಿದ್ದರೆ ಅದು ಕಣ್ಣಿಗೆ ಬೀಳದಂತೆ ನಡೆಯುತ್ತದೆ, ಅಷ್ಟೆ.

ಈ ಎರಡು ಕಸುಬುಗಳನ್ನು ಒಂದೇ ಮೇಜಿಗೆ ತಂದದ್ದು 1999ರಲ್ಲಿ ಶುರುವಾದ, ಯಾವ ಚಿಕಿತ್ಸೆಗೆ ಸರ್ಕಾರಿ ಹಣ ಕೊಡಬಹುದೆಂದು ತೂಗುವ ಬ್ರಿಟನ್ನಿನ ನೈಸ್ ಸಂಸ್ಥೆ. ಹೊಸ ಔಷಧ ಹೆಚ್ಚುವರಿಯಾಗಿ 0.4 ಕ್ವಾಲಿ ಕೊಟ್ಟು 10,000 ಪೌಂಡ್ ಹೆಚ್ಚು ಕೇಳಿದರೆ, ಕ್ವಾಲಿಯೊಂದಕ್ಕೆ 25,000 ಪೌಂಡ್ ಬೀಳುತ್ತದೆ. ನೈಸ್ ಬಹುಕಾಲ ಪಾಲಿಸಿದ 20ರಿಂದ 30 ಸಾವಿರದ ಮಿತಿಯೊಳಗೆ ಅದು ಬರುತ್ತದೆ. ಆ 0.4ರ ಹಿಂದಿನ ದುಡಿಮೆ ಮಾತ್ರ ಬೇಸರ ತರಿಸುವಂಥದ್ದು. ಸಾವಿರಾರು ಲೇಖನಗಳ ಶೀರ್ಷಿಕೆ, ಸಾರಾಂಶಗಳನ್ನು ಇಬ್ಬರು ಪರಸ್ಪರ ಕೇಳದೆ ಓದಿ ಜರಡಿ ಹಿಡಿಯುತ್ತಾರೆ; ಒಮ್ಮತ ಬರದಿದ್ದರೆ ಮೂರನೆಯವರ ತೀರ್ಪು. ಎರಡು ಔಷಧಗಳನ್ನು ನೇರವಾಗಿ ಎದುರುಬದುರು ಇಟ್ಟ ಪ್ರಯೋಗ ಎಷ್ಟೋ ಸಲ ಇರುವುದೇ ಇಲ್ಲ, ಕಂಪನಿಗಳಿಗೆ ಅದು ಬೇಕಿರುವುದೂ ಇಲ್ಲ. ಆಗ ಎರಡನ್ನೂ ಪ್ಲಾಸಿಬೊ ಜೊತೆ ಹೋಲಿಸಿ, ಅದರ ಮೂಲಕ ಒಂದನ್ನೊಂದು ಅಳೆಯುವ ನೆಟ್‌ವರ್ಕ್ ಮೆಟಾ ಅನಾಲಿಸಿಸ್ ಬೇಕಾಗುತ್ತದೆ. 2000ದ ದಶಕದಲ್ಲಿ ಬೆಳೆದ ಈ ವಿಧಾನವೇ, ನನ್ನ ಮಟ್ಟಿಗೆ, ಈ ಕ್ಷೇತ್ರ ಕೊಟ್ಟ ಅತಿ ಜಾಣ ಉಪಾಯ. ರೋಗಿಗಳ ಗುಂಪುಗಳು ಒಂದಕ್ಕೊಂದು ಹೋಲದಿದ್ದರೆ ಅತಿ ಅಪಾಯದ್ದೂ ಹೌದು.

ತೊಡಕು ಇರುವುದು ಖರ್ಚಿನ ಕಡೆ. ಮದ್ದಿನ ಗುಣ ಲಂಡನ್ನಿನಲ್ಲೂ ಕಲಬುರಗಿಯಲ್ಲೂ ಹೆಚ್ಚುಕಡಿಮೆ ಒಂದೇ ಇರಬಹುದು. ಹಾಸಿಗೆಯ ಬಾಡಿಗೆ, ನರ್ಸ್ ಸಂಬಳ, ರೋಗಿಯ ಬಸ್ಸಿನ ಖರ್ಚು ಒಂದೇ ಅಲ್ಲ. ಹತ್ತು ದೇಶಗಳ ಖರ್ಚನ್ನು ಕೂಡಿಸಿ ಸರಾಸರಿ ತೆಗೆದರೆ ಅದು ಯಾವ ದೇಶದ್ದೂ ಆಗದು. ಹೀಗೆ ಕೂಡಿಸಲಾಗದಿದ್ದರೂ ಅರ್ಥಶಾಸ್ತ್ರದ ಅಧ್ಯಯನಗಳನ್ನು ಒಂದೆಡೆ ಜರಡಿ ಹಿಡಿದು ಇಡುತ್ತಿದ್ದ ಯಾರ್ಕ್‌ನ ದತ್ತಾಂಶ ಸಂಗ್ರಹಕ್ಕೆ 2015ರಲ್ಲಿ ಅನುದಾನವೇ ನಿಂತಿತು.

ಭಾರತದಲ್ಲಿ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನಕ್ಕೆಂದು ಕೇಂದ್ರ ಸರ್ಕಾರ ವ್ಯವಸ್ಥೆ ಮಾಡಿದ್ದು 2017ರಲ್ಲಿ. ಬಡವರ ಆರೋಗ್ಯ ವಿಮೆಯಾದ ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಅಧ್ಯಯನವೊಂದು 2014ರಲ್ಲೇ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದಿತ್ತು: ಯೋಜನೆ ತಲುಪಿದ ಹಳ್ಳಿಗಳನ್ನು ಅದರ ಗಡಿಯಾಚೆಯ ಹಳ್ಳಿಗಳೊಂದಿಗೆ ಹೋಲಿಸಿದಾಗ, ಯೋಜನೆಯೊಳಗಿನ ಕಾಯಿಲೆಗಳಿಂದಾದ ಬಡವರ ಸಾವು ಕಡಿಮೆ ಕಂಡಿತು. ಆದರೆ ಕ್ವಾಲಿ ಲೆಕ್ಕಕ್ಕೆ ಬೇಕಾದ, 0.7ರಂಥ ಆರೋಗ್ಯದ ಅಂಕಗಳನ್ನು ಬಹುಕಾಲ ನಮ್ಮ ಸಂಶೋಧಕರು ಹೊರದೇಶಗಳಿಂದ ಎರವಲು ತಂದರು. ಕಾಯಿಲೆಯ ಒಂದೊಂದು ಸ್ಥಿತಿಗೆ ಭಾರತೀಯರೇ ಕೊಟ್ಟ ಅಂಕಗಳ ಪಟ್ಟಿ 2022ರಲ್ಲಿ ಪ್ರಕಟವಾಯಿತು. ಚಂಡೀಗಢದ ಪಿಜಿಐ ತಂಡ ಆಸ್ಪತ್ರೆಗಳಲ್ಲಿ ವೆಚ್ಚ ಅಳೆದು ದತ್ತಾಂಶ ಕೂಡಿಹಾಕಿದೆ. ಆಯುಷ್ಮಾನ್ ಭಾರತ್ ದರಗಳ ಪರಿಷ್ಕರಣೆಗೆ ಅಂಥ ಅಂಕಿಗಳು ಬಳಕೆಯಾಗಿವೆ.