ಹಿಮನದಿಗಳು ಹಿಂದೆಯೂ ಕರಗಿದ್ದವು, ಹಾಗಾದರೆ ಈಗ ಚಿಂತೆ ಬೇಡವೇ? ಸಮುದ್ರತಳ ಹೇಳುವುದೇ ಬೇರೆ

ಫಾರ್ವರ್ಡ್ ಏನು ಹೇಳುತ್ತದೆ?
“ಹಿಮಯುಗ ಮುಗಿದಾಗಲೂ ಹಿಮ ಕರಗಿತ್ತು. ಆಗ ಕಾರು, ಕಾರ್ಖಾನೆ ಇರಲಿಲ್ಲ. ಆದ್ದರಿಂದ ಈಗ ಹೆದರಬೇಕಿಲ್ಲ.” ಇದರಲ್ಲಿ ಮೊದಲ ಎರಡು ಮಾತು ನಿಜ. ಮೂರನೆಯದು ತಪ್ಪು.

ಹಳೆಯ ವೇಗ ತಿಳಿಯುವುದು ಹೇಗೆ?
ಕಡಲಿಗೆ ಬಂದು ಸೇರುವ ಹಿಮನದಿಯ ತುದಿ ಉಬ್ಬರದಲ್ಲಿ ತುಸು ಮೇಲೇಳುತ್ತದೆ, ಇಳಿತದಲ್ಲಿ ಮತ್ತೆ ನೆಲಕ್ಕೆ ಕೂರುತ್ತದೆ. ಕೂತಾಗಲೆಲ್ಲ ಕೆಳಗಿನ ಕೆಸರು ಒತ್ತಿಕೊಂಡು, ಹೊಲದ ಬದುವಿನಂಥ ಸಣ್ಣ ದಿಣ್ಣೆ ಮೂಡುತ್ತದೆ. ಹಿಮ ನೆಲಕ್ಕೆ ತಾಗುವ ಜಾಗ ಹಿಂದೆ ಸರಿದಂತೆ ದಿಣ್ಣೆಗಳ ಸಾಲು ಉಳಿಯುತ್ತದೆ. ಎರಡು ದಿಣ್ಣೆಗಳ ನಡುವಿನ ಅಂತರವೇ ಒಂದು ಉಬ್ಬರ-ಇಳಿತದಲ್ಲಿ ಅದು ಸರಿದ ದೂರ.

ನಾರ್ವೆಯ ಕಡಲಲ್ಲಿ
ಇಲ್ಲಿನ ಸಮುದ್ರತಳದಲ್ಲಿ ಇಂಥ 7,600ಕ್ಕೂ ಹೆಚ್ಚು ದಿಣ್ಣೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ದಿನಕ್ಕೆ ಎರಡು ದಿಣ್ಣೆಯ ಲೆಕ್ಕದಲ್ಲಿ, ಹಿಮಯುಗದ ಕೊನೆಯಲ್ಲಿ ಹಿಮದ ಅಂಚು ದಿನಕ್ಕೆ 55ರಿಂದ 610 ಮೀಟರ್ ಹಿಂದೆ ಸರಿದಿತ್ತು. ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು.

ಅಂಟಾರ್ಕ್ಟಿಕಾದಲ್ಲಿ
ಥ್ವೈಟ್ಸ್ ಹಿಮನದಿಯ ಮುಂದೆ, ಸುಮಾರು 700 ಮೀಟರ್ ಆಳದಲ್ಲಿ, 2019ರಲ್ಲಿ ‘ರಾನ್’ ಎಂಬ ರೋಬೋಟ್ ಸೋನಾರ್‌ನಿಂದ ನಕ್ಷೆ ತೆಗೆಯಿತು. ಸಿಕ್ಕಿದ್ದು 160ಕ್ಕೂ ಹೆಚ್ಚು ದಿಣ್ಣೆ. ಇಲ್ಲಿ ದಿನಕ್ಕೆ ಒಂದರಂತೆ ಮೂಡಿದ್ದವು. ಕಳೆದ 200 ವರ್ಷಗಳಲ್ಲಿ ಯಾವಾಗಲೋ, ಆರು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ, ಅದು ವರ್ಷಕ್ಕೆ 2.1 ಕಿ.ಮೀ. ವೇಗದಲ್ಲಿ ಸರಿದಿತ್ತು. 2011ರಿಂದ 2019ರವರೆಗೆ ಉಪಗ್ರಹಗಳು ಅಳೆದ ವೇಗಕ್ಕಿಂತ ಇದು ಎರಡು ಪಟ್ಟು.

ಹಾಗಾದರೆ ಈಗಲೂ ದಿನಕ್ಕೆ 600 ಮೀಟರ್ ಸರಿಯುತ್ತಿದೆಯೇ?
ಇಲ್ಲ. ನಾರ್ವೆಯಲ್ಲಿ ಆ ವೇಗ ಇದ್ದದ್ದು ಅಲ್ಪಕಾಲ, ಅದೂ ತಳ ಸಮತಟ್ಟಾಗಿದ್ದ ಕಡೆ. ಅಂಥ ನೆಲದಲ್ಲಿ ಹಿಮ ಸ್ವಲ್ಪ ತೆಳುವಾದರೂ ಬಹುದೂರದವರೆಗೆ ನೆಲ ಬಿಟ್ಟು ತೇಲುತ್ತದೆ. “ನಾಳೆಯೇ ಕಡಲು ನುಗ್ಗುತ್ತದೆ” ಎಂಬ ಸಂದೇಶವನ್ನೂ ನಂಬಬೇಡಿ.

ಫಾರ್ವರ್ಡ್ ಎಡವಿದ್ದೆಲ್ಲಿ?
ಹಿಮಯುಗ ಮುಗಿಯಲು ಕಾರಣ ಭೂಮಿಯ ಕಕ್ಷೆಯ ನಿಧಾನ ಬದಲಾವಣೆ. ಈಗಿನ ಬಿಸಿಗೆ ಮುಖ್ಯ ಕಾರಣ ನಾವು ಸುಡುವ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್. ಕಾರಣ ಬೇರೆಯಾದರೂ ಹಿಮ ಕರಗುವ ರೀತಿ ಒಂದೇ. ಥ್ವೈಟ್ಸ್ ಪೂರ್ತಿ ಕರಗಿದರೆ ಜಗತ್ತಿನ ಸಮುದ್ರಮಟ್ಟ ಅರ್ಧ ಮೀಟರ್‌ಗಿಂತ ಹೆಚ್ಚು ಏರುತ್ತದೆ. ನಮ್ಮ ಕರಾವಳಿಯೂ ಇದಕ್ಕೆ ಹೊರತಲ್ಲ.

ಒಟ್ಟಿನಲ್ಲಿ
ಹಿಮನದಿಗಳು ಹಿಂದೆಯೂ ಕರಗಿದ್ದು ನಿಜ. ಆದರೆ ಅದು ಸಮಾಧಾನದ ಸುದ್ದಿಯಲ್ಲ. ನಾವು ಉಪಗ್ರಹದಲ್ಲಿ ಈವರೆಗೆ ಕಂಡದ್ದಕ್ಕಿಂತ ವೇಗವಾಗಿ ಅವು ಸರಿಯಬಲ್ಲವು ಎಂಬುದಕ್ಕೆ ಸಮುದ್ರತಳವೇ ಸಾಕ್ಷಿ.